ಫಾರ್ಮಿಗೆ 220 ರೂಪಾಯಿ

ಧಾರವಾಡದಲ್ಲಿ ಎಂ.ಎ., ಎಂ.ಎಸ್.ಡಬ್ಲ್ಯೂ. ಮುಗಿಸಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರ್ಮ್ ತುಂಬುವ ಸರ್ವೇ ಕೆಲಸಕ್ಕೆ ಇಳಿದವರು ಆಪ್ತಸಲಹೆಗೆ ಬಂದಾಗ ಆಡುವ ಮಾತು ಹೆಚ್ಚುಕಡಿಮೆ ಒಂದೇ: "ದುಡೀತೀನ್ರಿ, ಆದ್ರ ಕೈಯಾಗ ಏನೂ ಉಳಿಯೂದಿಲ್ಲ. ನನ್ನೊಳಗ ಏನೋ ತಪ್ಪೈತಿ." ಮೊದಲರ್ಧ ನಿಜ, ಕೊನೆಯ ಮಾತು ಸುಳ್ಳು. ಆ ಸುಳ್ಳನ್ನು ನಂಬಿ ನಿದ್ದೆಗೆಟ್ಟವರು ಒಬ್ಬಿಬ್ಬರಲ್ಲ. ಅದಕ್ಕಾಗಿ ಈ ಪ್ರಕರಣ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ.

ಬಂದಾಕೆ ಅಂಥ ಸರ್ವೇ ಕೆಲಸದ ಯುವತಿ. ವಯಸ್ಸು 27, ಹಾವೇರಿ ಜಿಲ್ಲೆಯ ಹಳ್ಳಿ, ಅರ್ಥಶಾಸ್ತ್ರದಲ್ಲಿ ಎಂ.ಎ. ಧಾರವಾಡದ ಸಪ್ತಾಪುರದಲ್ಲಿ ಗೆಳತಿಯೊಂದಿಗೆ ರೂಮು. ಊರಲ್ಲಿ ಅವ್ವ, ಡಿಗ್ರಿ ಓದುವ ತಮ್ಮ. ಎರಡು ತಿಂಗಳಿಂದ ನಿದ್ದೆ ಇಲ್ಲ, ಮನೆಯ ಫೋನು ಎತ್ತುತ್ತಿಲ್ಲ, ರಾತ್ರಿ ಊಟ ಬಿಟ್ಟಿದ್ದಾರೆ. ಅವ್ವನ ಬೋರಮಾಳ ಒತ್ತೆ ಇಟ್ಟು ತಮ್ಮನ ಫೀ ಕಟ್ಟಿದ್ದು ಮನೆಯಲ್ಲಿ ಇನ್ನೂ ಬಿಗುವಿನ ವಿಷಯ. ಜೀವ ಕಳೆದುಕೊಳ್ಳುವ ಯೋಚನೆ ಬಂದಿತ್ತೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಲಾಯಿತು. ಇಲ್ಲ ಎಂದರು. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿಯೇ ಕಳಿಸಿದ್ದು.

ಎರಡನೇ ಭೇಟಿಗೆ ಅವರು ತಮ್ಮ ಮೇಲಿನ ಆರೋಪಕ್ಕೆ ಸಾಕ್ಷಿಯನ್ನೂ ಹೊತ್ತು ತಂದಿದ್ದರು. "2023-24ರ ಮನೆವಾರು ಬಳಕೆ ವೆಚ್ಚದ ಸರ್ವೇ ಐತಲ್ರಿ, ದೇಶದಾಗ ಶಹರದ ಸರಾಸರಿ ತಲೆಗೆ ತಿಂಗಳಿಗೆ 6,996. ನಾ ಒಬ್ಬಾಕಿ 8,400 ಖರ್ಚ್ ಮಾಡ್ತೀನಿ. ನಾನು ದುಡ್ಡ ಹಿಡಿಯೂದ ಕಲೀಬೇಕ್ರಿ."

ಅಂಕಿ ಸರಿ, ತೀರ್ಪು ತಪ್ಪು. ಆ ಸರಾಸರಿಯಲ್ಲಿ ಮನೆಯ ಕೂಸಿನಿಂದ ಮುದುಕರವರೆಗೆ ಎಲ್ಲ ತಲೆಗಳೂ ಸೇರಿರುತ್ತವೆ. ಸ್ವಂತ ಮನೆ ಇದ್ದವರಿಗೆ ಬಾಡಿಗೆಯನ್ನು ಅಂದಾಜು ಕಟ್ಟಿ ಸೇರಿಸುವುದೂ ಇಲ್ಲ. ಬಾಡಿಗೆ ರೂಮಿನಲ್ಲಿದ್ದು ಮೆಸ್ಸಿನಲ್ಲಿ ಉಣ್ಣುವ ಹುಡುಗಿ ತನ್ನನ್ನು ಅದರೊಂದಿಗೆ ತೂಗಿಕೊಂಡರೆ ದುಂದುಗಾರ್ತಿಯಾಗಿಯೇ ಕಾಣುತ್ತಾಳೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಅವರು ಒಪ್ಪುವಂತಿರಲಿಲ್ಲ. ಖಾಲಿ ಹಾಳೆ ಮುಂದಿಟ್ಟು, ಊರೂರಿನಲ್ಲಿ ಬೇರೆಯವರಿಗೆ ಕೇಳುವಂತೆಯೇ ನಿಮಗೆ ನೀವೇ ಕೇಳಿಕೊಳ್ಳಿ ಎಂದಿದ್ದು ಅದಕ್ಕೇ.

ಪೆನ್ನು ಹಿಡಿದದ್ದೇ ತಡ, ಅವರ ದನಿ ಬದಲಾಯಿತು. ಸರ್ವೇಯಲ್ಲಿ ಕೇಳುವ ಕ್ರಮದಂತೆಯೇ ತರಕಾರಿ, ಹಣ್ಣಿಗೆ ಕಳೆದ 7 ದಿನದ ಖರ್ಚು. ಬಾಡಿಗೆ, ಕರೆಂಟಿಗೆ 30 ದಿನ. ಬಟ್ಟೆ, ಚಪ್ಪಲಿ, ಶಿಕ್ಷಣಕ್ಕೆ 365 ದಿನ. ಬಾಡಿಗೆ ಪಾಲು 2,800. ಮೆಸ್ 3,200. ನಾಷ್ಟಾ, ಚಹಾ 1,200. ಸಾಬೂನು, ಪ್ಯಾಡ್, ಊರೊಳಗಿನ ಓಡಾಟ 600. ವರ್ಷದ ಬಟ್ಟೆ, ಚಪ್ಪಲಿ, ಜ್ವರದ ಔಷಧ, ಪರೀಕ್ಷೆ ಅರ್ಜಿಯ ಶುಲ್ಕ 7,200, ತಿಂಗಳಿಗೆ ಹಂಚಿದರೆ 600. ಒಟ್ಟು 8,400. ಮನೆಗೆ ಕಳಿಸುವ 3,000 ಸೇರಿ 11,400. ಇದರಲ್ಲಿ ಯಾವುದನ್ನು ತೆಗೀತೀರಿ ಎಂದು ಕೇಳಿದಾಗ ಬಹಳ ಹೊತ್ತು ಹಾಳೆ ನೋಡಿದರು. ಪರೀಕ್ಷೆ ಶುಲ್ಕದ ಮೇಲೆ ಪೆನ್ನು ಇಟ್ಟು, ಹೊಡೆದು ಹಾಕದೆ ಎತ್ತಿದರು.

ಆಮೇಲೆ ಆದಾಯದ ಕಡೆ. ಸರ್ವೇ ಮಾಡಿಸುವ ಏಜೆನ್ಸಿ ಹೇಳಿದ್ದು ಫಾರ್ಮಿಗೆ 220, ದಿನಕ್ಕೆ ಐದು, ಅಂದರೆ 1,100. ಒಂದು ತಿಂಗಳಲ್ಲಿ ಕೆಲಸಕ್ಕೆ ಕಟ್ಟುಬಿದ್ದ ದಿನ 26: ತರಬೇತಿ 3, ಪ್ರಯಾಣ 2, ಮನೆಗಳ ಪಟ್ಟಿ ಬಾರದೆ ಕಾದದ್ದು 3, ಫೀಲ್ಡು 18. ಫೀಲ್ಡಿನಲ್ಲೂ ಬೀಗ ಹಾಕಿದ ಮನೆಗೆ ಮೂರು ಸಲ ಹೋಗಲೇಬೇಕು, ಕಡೆಗೂ ಸಿಗದಿದ್ದರೆ ದುಡ್ಡಿಲ್ಲ. ಹಾಗಾಗಿ ದಿನಕ್ಕೆ ನಾಲ್ಕೇ, ಒಟ್ಟು 72. ಬ್ಯಾಕ್‌ಚೆಕ್‌ನಲ್ಲಿ (ಅದೇ ಮನೆಯವರನ್ನು ಮತ್ತೆ ಕೇಳಿ ತಾಳೆ ನೋಡುವಾಗ), ಜಿಪಿಎಸ್ ಹಿಡಿಯದ್ದಕ್ಕೆ, ಆಡಿಯೋ ಕೇಳಿಸದ್ದಕ್ಕೆ 9 ರಿಜೆಕ್ಟ್. ಉಳಿದ 63ಕ್ಕೆ 13,860. ಕೊಡುವಾಗಲೇ ಕತ್ತರಿಸುವ ತೆರಿಗೆ (ಟಿಡಿಎಸ್) ಶೇ. 10 ಹೋಗಿ 12,474. ಟಂಟಂ ಆಟೋ, ಹೊರಗಿನ ಊಟ 2,400, ಎರಡು ರಾತ್ರಿ ಲಾಡ್ಜಿನ ಪಾಲು 700, ರೀಚಾರ್ಜ್ 300. ಕೈಗೆ ಉಳಿದದ್ದು 9,074. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 349.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ "ನಿಮಗ ಬಸ್ ಫ್ರೀ ಐತಲ್ಲ" ಎಂದು ಹೆಣ್ಣುಮಕ್ಕಳ ಪ್ರಯಾಣ ಭತ್ಯೆಯನ್ನೇ ಕೈಬಿಟ್ಟಿದ್ದರಂತೆ. ಇದು ಶುದ್ಧ ಅನ್ಯಾಯ. ಬಸ್ಸು ದೊಡ್ಡ ಊರಿನ ಸ್ಟ್ಯಾಂಡಿಗೆ ನಿಲ್ಲುತ್ತದೆ; ಸರ್ವೇಯ ಸ್ಯಾಂಪಲ್ಲಿಗೆ ಆಯ್ಕೆಯಾದ ತಾಂಡಾಕ್ಕೆ ಟಂಟಂನವನು ಪುಕ್ಕಟೆ ಕರೆದೊಯ್ಯುವುದಿಲ್ಲ.

349 ನೋಡಿಯೂ ಅವರಿಗೆ ಅಳು ಬರಲಿಲ್ಲ. ಖರ್ಚಿನ ಹಾಳೆಯಲ್ಲಿ 365 ದಿನ ಎಂದು ಬರೆದ ಸಾಲಿಗೆ ತಿರುಗಿ ಬಂದು ನಿಂತರು: "ಮೇಡಮ್, ವರ್ಷದಾಗ ಎಷ್ಟ್ ತಿಂಗಳ ಕೆಲಸ ಇತ್ತು ಅಂತ ನಾ ಹಿಡಿದೇ ಇಲ್ರಿ. ಎಂಟ ತಿಂಗಳ ಇತ್ತು." ಎಂಟು ತಿಂಗಳ ದುಡಿಮೆಯನ್ನು ಹನ್ನೆರಡಕ್ಕೆ ಹಂಚಿದಾಗ ತಿಂಗಳಿಗೆ 6,050. ಖರ್ಚು 11,400. ಎಷ್ಟು ಹಿಡಿದು ಬಾಳಿದರೂ ಈ 5,350 ತುಂಬುವುದಿಲ್ಲ ಎಂದು ಅವರೇ ಬಾಯಿಬಿಟ್ಟು ಓದಿದರು. ಸಂಶೋಧನೆಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಪಡೆದು ತಿಂಗಳಿಗೆ 37,000 ಎಣಿಸುವ ಸಹಪಾಠಿಯ ಎದುರು ತಾನು ದಡ್ಡಿ ಎಂಬ ಮಾತು ಅವತ್ತಿನ ಮಟ್ಟಿಗೆ ನಿಂತಿತು.

ಆಪ್ತಸಲಹೆಗಾರರು ಕ್ಯಾಲ್ಕ್ಯುಲೇಟರ್ ಹಿಡಿಯಬಾರದು, ಭಾವನೆ ನೋಡಿಕೊಳ್ಳಬೇಕು ಎನ್ನುವವರು ನಮ್ಮ ವೃತ್ತಿಯಲ್ಲಿದ್ದಾರೆ. ಈ ಮಾತನ್ನು ಒಪ್ಪಲಾಗದು. ಕೂಲಿ ಕಡಿಮೆ ಇದ್ದವರಿಗೆ ಉಸಿರಾಟದ ಅಭ್ಯಾಸವಷ್ಟೇ ಕಲಿಸಿ ಕಳಿಸಿದರೆ, ತಪ್ಪು ನಿನ್ನದೇ, ನೀನೇ ಹೊಂದಿಕೋ ಎಂದು ಹೇಳಿದಂತೆ. ಇನ್ನೊಂದು ಮಾತೂ ಇದೆ. ದರ ಇಳಿದಷ್ಟೂ ಮನೆಗಳಿಗೆ ಹೋಗದೆ ರೂಮಿನಲ್ಲಿ ಕುಂತು ಸುಳ್ಳು ಫಾರ್ಮ್ ತುಂಬುವ ಆಸೆ ಬೆಳೆಯುತ್ತದೆ. ಟೀಮ್ ಲೀಡರ್ ಹಾಗೆ ಸೂಚಿಸಿದ್ದರೂ ಈಕೆ ತುಂಬಿರಲಿಲ್ಲ. ದಿನಕ್ಕೆ ನಾಲ್ಕೇ ಫಾರ್ಮ್ ಆಗಿದ್ದು ಅವರ ಪ್ರಾಮಾಣಿಕತೆಯ ಅಳತೆ, ಆಲಸ್ಯದ್ದಲ್ಲ. ಅದನ್ನು ಅವರಿಗೆ ಎರಡು ಸಲ ಹೇಳಬೇಕಾಯಿತು.

ಕೊಟ್ಟ ಸಲಹೆ ಇದು. ಮೊದಲು ಕನಿಷ್ಠ ದರ ಗೊತ್ತಿರಲಿ: ವರ್ಷದ ಖರ್ಚು 1,36,800, ದುಡಿಯುವ ತಿಂಗಳು ಎಂಟು, ಅಂದರೆ ತಿಂಗಳಿಗೆ 17,100. ಫೀಲ್ಡಿನ ಖರ್ಚು 3,400 ಸೇರಿ 20,500. 63 ಫಾರ್ಮಿಗೆ ಭಾಗಿಸಿದರೆ 325. ಅದಕ್ಕಿಂತ ಕೆಳಗೆ ಒಪ್ಪುವುದಾದರೆ ಪ್ರಯಾಣ, ವಸತಿ ಬೇರೆ ಕೊಡಬೇಕು. ಸೇರುವ ಮುಂಚೆಯೇ ವಾಟ್ಸ್ಯಾಪಿನಲ್ಲಾದರೂ ಬರಹದಲ್ಲಿ ಕೇಳಿ: ದುಡ್ಡು ಮುಗಿಸಿದ ಫಾರ್ಮಿಗೋ, ಪಾಸಾದ ಫಾರ್ಮಿಗೋ? ತರಬೇತಿ, ಕಾಯುವ ದಿನಕ್ಕೆ ಎಷ್ಟು? ರಿಜೆಕ್ಟ್ ಎಂದು ಎಷ್ಟು ದಿನದೊಳಗೆ ತಿಳಿಸುತ್ತೀರಿ? ತಡವಾಗಿ ತಿಳಿಸಿದರೆ ಊರು ಬಿಟ್ಟು ಬಂದಿರುತ್ತೀರಿ, ತಿದ್ದಲು ಮತ್ತೆ ಹೋಗುವ ಖರ್ಚು ನಿಮ್ಮ ತಲೆಗೇ. ದಿನಾ ರಾತ್ರಿ ಫಾರ್ಮ್ ನಂಬರು, ಊರು, ಶುರುವಾದ ಮತ್ತು ಮುಗಿದ ಹೊತ್ತನ್ನು ಡೈರಿಗೆ ಬರೆದು, ಫಾರ್ಮ್ ಏಜೆನ್ಸಿಗೆ ತಲುಪಿದ್ದರ (ಸಿಂಕ್ ಆದದ್ದರ) ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕತ್ತರಿಸಿದ ಟಿಡಿಎಸ್ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ನೋಡಿ, ಗಡುವಿನೊಳಗೆ ರಿಟರ್ನ್ ಸಲ್ಲಿಸಿ. ಇಷ್ಟು ಕಡಿಮೆ ಆದಾಯಕ್ಕೆ ಅದು ವಾಪಸು ಬರುತ್ತದೆ. ಮನೆಗೆ ತಿಂಗಳ ಲೆಕ್ಕ ಹೇಳಬೇಡಿ, ವರ್ಷದ್ದು ಹೇಳಿ.

ಎಲ್ಲಕ್ಕಿಂತ ಕಷ್ಟವಾದದ್ದು ಈ ಕೊನೆಯದು. ಅವ್ವನ ಮುಂದೆ ಹಾಳೆ ಬಿಡಿಸಿ ಕೂತ ಮೇಲೆ 3,000 ಎಂಬುದು 1,500ಕ್ಕೆ ಇಳಿಯಿತು, ತಮ್ಮ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ. ಮುಂದಿನ ಪ್ರಾಜೆಕ್ಟಿಗೆ ಈಕೆ 325 ಕೇಳಿ, 280ಕ್ಕೂ ಬೇರೆ ಪ್ರಯಾಣ ಭತ್ಯೆಗೂ ಒಪ್ಪಿದರು. ಹಳೆಯ ಏಜೆನ್ಸಿ ಒಂದು ತಿಂಗಳ ಬಾಕಿ ಇನ್ನೂ ಕೊಟ್ಟಿಲ್ಲ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ, ಡೈರಿಯ ಜೆರಾಕ್ಸ್ ಕೊಟ್ಟಾಗಿದೆ. ಏಜೆನ್ಸಿಗೆ ನೋಟಿಸ್ ಹೋಗಿದೆ.