ಪ್ರತಿಕ್ರಿಯೆ: ರಿಯಾಕ್ಟ್ ಬರುತ್ತೆ, ಆದ್ರೂ ಪೇಜ್‌ಗಳೆಲ್ಲ ಒಂದೇ ಥರ ಕಾಣ್ತವೆ
ರಿಯಾಕ್ಟ್ (ವೆಬ್ ಪೇಜ್ ಕಟ್ಟೋಕೆ ಬಳಸೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಲ್ತಾಯ್ತು, ಮಾಡೋ ಸೈಟ್‌ಗಳೆಲ್ಲ ಒಂದೇ ಅಚ್ಚಲ್ಲಿ ಹುಯ್ದ ಹಾಗಿದೆ, ಯಾವ ಟೂಲ್ ಬಳಸ್ಲಿ, ಐಡಿಯಾ ಎಲ್ಲಿಂದ ತರ್ಲಿ ಅಂತ ಕೇಳಿದೀರಲ್ಲ. ಟೂಲ್ ತೊಂದ್ರೆ ಅಲ್ಲ ಇದು ಅನ್ಸುತ್ತೆ. ಕೋಡ್ ಬರೆಯೋ ಎಡಿಟರ್ ಯಾವ್ದಾದ್ರೂ ನಡೆಯುತ್ತೆ, ನಾನು ವಿಎಸ್ ಕೋಡ್ ಬಳಸ್ತೀನಿ, ಅದರಲ್ಲಿ ಹೇಳೋಕೆ ಏನೂ ಇಲ್ಲ.

ರೆಡಿಮೇಡ್ ಕಾಂಪೊನೆಂಟ್ ಲೈಬ್ರರಿ (ಬಟನ್, ಮೆನು ಥರದ ಸಿದ್ಧ ತುಂಡುಗಳು) ಪಕ್ಕಕ್ಕಿಟ್ಟು ಒಂದು ಪೇಜ್ ಬರೀ ಎಚ್‌ಟಿಎಂಎಲ್ (ಪೇಜ್‌ನಲ್ಲಿ ಏನಿದೆ ಅಂತ ಹೇಳೋದು), ಸಿಎಸ್‌ಎಸ್‌ನಲ್ಲಿ (ಅದು ಹೇಗೆ ಕಾಣ್ಬೇಕು ಅಂತ ಹೇಳೋದು) ಬರೀರಿ. 2003ರಲ್ಲಿ ಶುರುವಾದ ಸಿಎಸ್‌ಎಸ್ ಜೆನ್ ಗಾರ್ಡನ್ ಅಂತ ಸೈಟ್ ಇದೆ, ಅಲ್ಲಿ ಎಚ್‌ಟಿಎಂಎಲ್ ಎಲ್ರಿಗೂ ಒಂದೇ, ಸಿಎಸ್‌ಎಸ್ ಮಾತ್ರ ಬದಲಾಗುತ್ತೆ, ಆದ್ರೂ ಒಂದು ಡಿಸೈನ್‌ಗೂ ಇನ್ನೊಂದಕ್ಕೂ ಸಂಬಂಧಾನೇ ಇಲ್ಲ ಅನ್ನೋ ಹಾಗಿರುತ್ತೆ. ಸುಮ್ನೆ ನೋಡ್ಕೊಂಡು ಹೋಗ್ಬೇಡಿ, ಡೆವ್‌ಟೂಲ್ಸ್ (ಪೇಜ್‌ನ ಕೋಡ್ ತೋರಿಸೋ ಬ್ರೌಸರ್‌ನದೇ ಸಾಧನ) ತೆಗೆದು ಒಂದೊಂದೇ ಸಿಎಸ್‌ಎಸ್ ರೂಲ್ ಆಫ್ ಮಾಡಿ, ಯಾವುದು ಎಲ್ಲಿ ಕುಸಿಯುತ್ತೆ ಗೊತ್ತಾಗುತ್ತೆ.

ಐಡಿಯಾಗೆ ನಾನಂತೂ ಬೇರೆ ವೆಬ್‌ಸೈಟ್ ನೋಡೋದು ಕಮ್ಮಿ, ಪೇಪರ್ ಮುಖಪುಟ, 1950ರ ದಶಕದ ಸ್ವಿಸ್ ಪೋಸ್ಟರ್‌ಗಳು ಇಂಥವೇ ಜಾಸ್ತಿ, ಆ ಪೋಸ್ಟರ್ ಮಾಡಿದವ್ರ ಗ್ರಿಡ್ (ಪುಟಾನ ಅಡ್ಡ, ಉದ್ದ ಗೆರೆಗಳಲ್ಲಿ ಭಾಗ ಮಾಡೋ) ಲೆಕ್ಕಾಚಾರಾನ ಈಗ ಸಿಎಸ್‌ಎಸ್ ಗ್ರಿಡ್‌ನಲ್ಲಿ ಹೆಚ್ಚುಕಮ್ಮಿ ಹಾಗೇ ಇಳಿಸ್ಬೋದು (2017ರಿಂದ ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಇದೆ, ಇನ್ನೂ ಫ್ಲೋಟ್ ಅನ್ನೋ ಹಳೇ ಜೋಡಣೆ ವಿಧಾನ ಹಾಕ್ಕೊಂಡು ಕೂರೋದು ಬೇಡ). ಫೈರ್‌ಫಾಕ್ಸ್ ಡೆವ್‌ಟೂಲ್ಸ್‌ನ ಇನ್‌ಸ್ಪೆಕ್ಟರಲ್ಲಿ ಗ್ರಿಡ್ ಅನ್ನೋ ಬ್ಯಾಡ್ಜ್ ಒತ್ತಿದ್ರೆ ಗೆರೆಗಳೆಲ್ಲ ಪೇಜ್ ಮೇಲೇ ಕಾಣ್ತವೆ.

ಆಮೇಲೆ ಅಕ್ಷರ. ಕನ್ನಡ ಪೇಜ್ ಆದ್ರೆ ಇಂಗ್ಲಿಷ್‌ಗೆ ಇಟ್ಟ ಲೈನ್ ಹೈಟ್ (ಒಂದು ಸಾಲಿಗೆ ಬಿಡೋ ಎತ್ತರ) ಸಾಲಲ್ಲ, ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತೆ, ಅಕ್ಷರದ ಗಾತ್ರದ 1.7 ಪಟ್ಟಿನ ಹತ್ರ ಇಟ್ಟು ನೋಡಿ. ಒಂದು ಪೇಜ್ ಮಾಡಿ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.