ಮಾತ್ರೆ ಬಿಟ್ಟು ಹೊಳೆಮತ್ತಿ ಕಷಾಯ ಕೊಡಬಹುದಾ?

ಎದೆಬಡಿತ ಏರುಪೇರಾಗುವ (ಏಟ್ರಿಯಲ್ ಫಿಬ್ರಿಲೇಶನ್) ಅಮ್ಮನಿಗೆ ವಾರ್ಫರಿನ್ ನಿಲ್ಲಿಸಿ ಹೊಳೆಮತ್ತಿ ತೊಗಟೆ ಕಷಾಯ, ಪ್ರಾಣಾಯಾಮ ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಅದು ಬಡಿತ ಸರಿಪಡಿಸುವ ಮದ್ದಲ್ಲ, ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗದಂತೆ ತಡೆಯುವಂಥದ್ದು. ಆ ಕೆಲಸ ಕಷಾಯದಿಂದ ಆಗುವುದಿಲ್ಲ.

ನನ್ನ ಅಪ್ಪನಿಗೂ ಇದೇ ತೊಂದರೆ, ಇದೇ ವಾರ್ಫರಿನ್ ಮಾತ್ರೆ. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಕ್ಯಾಪ್ಸೂಲ್ ಶುರು ಮಾಡಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನ ರಕ್ತ ನಿಲ್ಲಲೇ ಇಲ್ಲ, ಬೇಸಿನ್ ಎಲ್ಲ ಕೆಂಪು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಪರೀಕ್ಷೆ) ನೋಡಿದರೆ ಸಿಕ್ಕಾಪಟ್ಟೆ ಏರಿತ್ತು.

ನಮ್ಮ ಉಡುಪಿ ಕಡೆಯ ಕಷಾಯದ ಪುಡಿಗೆ ಕೆಲವರು ಜೇಷ್ಠಮಧು ಹಾಕುತ್ತಾರಲ್ಲ, ಅದನ್ನೂ ವಿಚಾರಿಸಿ. ದಿನಾ ಜಾಸ್ತಿ ಕುಡಿದರೆ ಪೊಟ್ಯಾಸಿಯಂ ಇಳಿದು ಬಡಿತ ಇನ್ನೂ ಕೆಡಬಹುದು. ಕೊತ್ತಂಬರಿ, ಜೀರಿಗೆಯ ಸಾದಾ ಕಷಾಯಕ್ಕೆ ಹೆದರಬೇಕಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಪ್ರಭಾವ ತಗ್ಗಿಸುತ್ತದೆ, ಆದರೂ ಬಸಳೆ, ಹರಿವೆಯನ್ನು ಬಿಡುವುದು ಬೇಡ, ವಾರವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಲಿ.

ಯೋಗ ಮಾತ್ರ ಖಂಡಿತ ಮಾಡಿಸಿ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಕನ್ಸಾಸ್‌ನ ವೈದ್ಯರು ಇದೇ ತೊಂದರೆಯ 49 ರೋಗಿಗಳಿಗೆ ಮೂರು ತಿಂಗಳು ಯೋಗ ಮಾಡಿಸಿದಾಗ ಬಡಿತ ತಪ್ಪುವ ಪ್ರಸಂಗಗಳು ಕಡಿಮೆಯಾಗಿದ್ದವು, ಆತಂಕವೂ ಇಳಿದಿತ್ತು. ಅದು ಮದ್ದಿನ ಜೊತೆಗೆ ಮಾಡಿದ್ದು. ಉಸಿರು ಕಟ್ಟಿ ಹಿಡಿಯುವ ಕುಂಭಕ ಬೇಡ, ನಿಧಾನದ ಉಸಿರಾಟ ಸಾಕು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಕಷಾಯದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.