ಕಾರವಾರದ ಕಡಲಗಾಳಿಗೆ ಕಬ್ಬಿಣದ ಗೇಟು ಉದುರಿ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಯಾಕೆ ಹಾಗಾಗುವುದಿಲ್ಲ?

ಗಾಳಿ ತಾಗಿದರೆ ಎರಡರ ಮೇಲೂ ಆಕ್ಸೈಡ್ ಪದರ, ಅಂದರೆ ಲೋಹ ಆಮ್ಲಜನಕದ ಜೊತೆ ಸೇರಿ ಆಗುವ ಪದರ, ಬೆಳೆಯುತ್ತದೆ. ವ್ಯತ್ಯಾಸವೆಲ್ಲ ಆ ಪದರದ ರಚನೆಯಲ್ಲಿದೆ.

ಕಬ್ಬಿಣದ ತುಕ್ಕು ಸಡಿಲ. ಕಡಲ ಬದಿಯ ಹಳೇ ಗೇಟನ್ನು ಉಗುರಿನಿಂದ ಕೆರೆದು ನೋಡಿ, ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಆ ಸಂದಿಯಲ್ಲೇ ಉಪ್ಪುನೀರು ಇಳಿದು ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಡಿಮೆ ಎಂದರೂ ಸುಮಾರು 10.5% ಕ್ರೋಮಿಯಂ ಎಂಬ ಲೋಹ ಇರುತ್ತದೆ. ಅದರ ಆಕ್ಸೈಡ್ ಪದರ ಕೆಲವೇ ನ್ಯಾನೊಮೀಟರ್ ದಪ್ಪ. ಆದರೆ ಒತ್ತಾಗಿ ಅಂಟಿಕೊಂಡಿರುತ್ತದೆ, ಗೀರು ಬಿದ್ದರೂ ಗಾಳಿಯ ಆಮ್ಲಜನಕದಿಂದ ಮತ್ತೆ ಬೆಳೆಯುತ್ತದೆ.

ನಿಜವಾದ ಸೊಗಸು ಇರುವುದು ಈ ಪದರದ ತೀರಾ ಮೇಲಿನ ಪರಮಾಣುಗಳ ಸಾಲಿನಲ್ಲಿ. ಕ್ರೋಮಿಯಂ ಆಕ್ಸೈಡಿನ ಒಳಗೆ ಪ್ರತಿ ಕ್ರೋಮಿಯಂ ಸುತ್ತ 6 ಆಮ್ಲಜನಕ ಇರುತ್ತವೆ. ಮೇಲ್ಮೈಯಲ್ಲಿ ಅಷ್ಟು ಸಿಗುವುದಿಲ್ಲ, ಅಲ್ವಾ? ಮೇಲೆ ಪದರವೇ ಮುಗಿದುಹೋಗಿದೆ. ಹಾಗಾಗಿ ಅಲ್ಲಿನ ಪರಮಾಣುಗಳು ಒಳಗಿನವುಗಳಿಗಿಂತ ಬೇಗ ಪ್ರತಿಕ್ರಿಯಿಸುತ್ತವೆ. ತೇವ ಬಂದರೆ ನೀರಿನ ಅಣು ಅಲ್ಲೇ ಒಡೆದು, ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಹೈಡ್ರೋಜನ್‌ನ ಜೋಡಿ) ಆಗಿ ಕೂರುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಕೂಡ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಪದರದಲ್ಲಿ ಎಲ್ಲಾದರೂ ದೋಷವಿದ್ದರೆ ಅಲ್ಲಿ ಸೂಜಿಮೊನೆಯಷ್ಟು ತೂತು ಶುರುವಾಗುತ್ತದೆ.

ಅದಕ್ಕೇ ಕಡಲ ಪಕ್ಕದ ಮನೆಗಳಲ್ಲಿ 304 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಮೇಲೂ ಕಂದು ಚುಕ್ಕೆ ಕಾಣುತ್ತದೆ. ಹೊಸದಾಗಿ ಹಾಕಿಸುವುದಾದರೆ 316 ದರ್ಜೆಯದ್ದು ತೆಗೆದುಕೊಳ್ಳಿ. ಅದರಲ್ಲಿರುವ 2–3% ಮಾಲಿಬ್ಡಿನಮ್ ಎಂಬ ಲೋಹ ಕ್ಲೋರೈಡಿನ ಹೊಡೆತ ತಡೆಯುತ್ತದೆ. ದುಡ್ಡು ಜಾಸ್ತಿ, ಆದರೆ ನಮ್ಮ ಊರಿಗೆ ಅದೇ ಸರಿ. ಈಗಾಗಲೇ 304 ಇದ್ದರೆ ಆಗಾಗ ಸಿಹಿನೀರಿನಲ್ಲಿ ತೊಳೆದು ಒರೆಸಿ.